ಉಂಗುರ ತೆಗೆದಿಟ್ಟೇ ಒಳಗೆ ಹೋಗಬೇಕು

ಗದಗಿನಲ್ಲಿ ಯಾರಾದರೂ ನನ್ನ ನೌಕರಿಯ ಬಗ್ಗೆ ಕೇಳಿದರೆ ನಮ್ಮವ್ವ, 'ಮುಂಬೈದಾಗ ಟಾವರ್ ಕಂಪನಿಯೊಳಗ ಅದಾನ' ಎಂದು ಹೇಳಿ ಮುಗಿಸಿಬಿಡುತ್ತಾಳೆ. ನಾನು ಟವರ್ ಹತ್ತುವವನಲ್ಲ. ಬ್ಯಾಂಕು, ಆಸ್ಪತ್ರೆ, ಷೇರು ದಲ್ಲಾಳಿಗಳ ಕಚೇರಿ, ಸಾಫ್ಟ್‌ವೇರ್ ಕಂಪನಿ ಹೀಗೆ ಗ್ರಾಹಕರ ಕಟ್ಟಡಕ್ಕೇ ಹೋಗಿ ರೂಟರ್, ಫೈಬರ್ ಟರ್ಮಿನಲ್, ಅವಕ್ಕೆ ವಿದ್ಯುತ್ ಕೊಡುವ ರೆಕ್ಟಿಫೈಯರ್ ಮತ್ತು ಬ್ಯಾಟರಿಗಳನ್ನು ಕೂರಿಸುವುದು, ಕೆಟ್ಟಾಗ ಬದಲಿಸುವುದು ನನ್ನ ಕೆಲಸ. ಬೇರೆಯವರ ಅಡುಗೆಮನೆಯಲ್ಲಿ ಅಡುಗೆ ಮಾಡಿದ ಹಾಗೆ. ಗ್ಯಾಸ್ ಎಲ್ಲಿ ಬಂದ್ ಆಗುತ್ತದೆ, ಯಾವ ಸ್ವಿಚ್ ಒತ್ತಿದರೆ ಯಾವ ದೀಪ ಹೋಗುತ್ತದೆ, ನಮಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಮನೆಯವರಿಗೂ ಗೊತ್ತಿರುವುದಿಲ್ಲ.

ಅದಕ್ಕೆ ಈ ಊರಿನ ವಯಸ್ಸೂ ಕಾರಣ. 1882ರ ಜನವರಿಯಲ್ಲಿ ಕಲ್ಕತ್ತಾ, ಮದ್ರಾಸಿನ ಜೊತೆಗೇ ಮುಂಬಯಿಗೂ ಟೆಲಿಫೋನ್ ಎಕ್ಸ್‌ಚೇಂಜ್ ಬಂತು. ಫೋರ್ಟ್, ಕಾಲಬಾದೇವಿ ಕಡೆಯ ಹಳೆಯ ಕಟ್ಟಡಗಳ ಮೆಟ್ಟಿಲ ಸಂದಿಯಲ್ಲಿ ನಿಂತು ಮೇಲೆ ನೋಡಿದರೆ ತಲೆಮಾರುಗಳ ತಂತಿ ಕಾಣುತ್ತದೆ. ಹಳೆಯ ತಾಮ್ರದ ಜೋಡಿಗಳು, ಅವುಗಳ ಮೇಲೆ ಕೇಬಲ್ ಟಿವಿಯವರದ್ದು, ಅದರ ಮೇಲೆ ನಮ್ಮ ಫೈಬರ್. ಹೊಸದನ್ನು ಎಳೆಯುವವರೇ ಎಲ್ಲ, ಹಳೆಯದನ್ನು ತೆಗೆಯುವವರು ಯಾರೂ ಇಲ್ಲ. ಅದರಲ್ಲಿ ಯಾವುದು ಸತ್ತಿದೆ, ಯಾವುದರಲ್ಲಿ ಇನ್ನೂ ಕರೆಂಟ್ ಇದೆ ಎಂದು ನೋಡಿ ಹೇಳಲು ಬ್ರಹ್ಮನಿಂದಲೂ ಆಗದು.

ಆದ್ದರಿಂದ ಮೊದಲ ಭೇಟಿಗೆ ನಾನು ಸ್ಕ್ರೂಡ್ರೈವರನ್ನೇ ಒಯ್ಯುವುದಿಲ್ಲ. ಅಳತೆ ಟೇಪು, ಟಾರ್ಚು, ಮಲ್ಟಿಮೀಟರ್, ಫೋಟೊ ತೆಗೆಯಲು ಮೊಬೈಲು, ಇಷ್ಟು ಸಾಕು. ಎರಡು ಮೀಟರ್ ಎತ್ತರದ ರ‍್ಯಾಕ್ ಆ ಜಾಲರಿ ಬಾಗಿಲಿನ ಹಳೆಯ ಲಿಫ್ಟಿನಲ್ಲಿ ಹಿಡಿಸುತ್ತದೆಯೇ, ಇಲ್ಲದಿದ್ದರೆ ಐದನೇ ಮಹಡಿಗೆ ಹೊರುವವರು ಎಷ್ಟು ಜನ ಬೇಕು, ಮೆಟ್ಟಿಲ ತಿರುವಿನಲ್ಲಿ ಅದು ತಿರುಗುತ್ತದೆಯೇ? ನಮಗೆ ಕರೆಂಟ್ ಕೊಡುವ ಬ್ರೇಕರ್ ಯಾವುದು, ಅದರ ಬೀಗದ ಕೈ ಯಾರ ಹತ್ತಿರ? ಬೆಂಕಿ ಆರಿಸುವ ಅನಿಲದ ವ್ಯವಸ್ಥೆ ಇದೆಯೇ? ಈ ಕೊನೆಯದನ್ನು ಹೊಸಬರು ಕೇಳುವುದೇ ಇಲ್ಲ. ಸರ್ವರ್ ಕೋಣೆಯಲ್ಲಿ ಗೋಡೆಗೆ ಡ್ರಿಲ್ ಹಿಡಿದರೆ ಏಳುವ ಧೂಳನ್ನು ಹೊಗೆಯೆಂದು ತಿಳಿದು ಅಲಾರಂ ಕೂಗಬಹುದು, ಅನಿಲವೂ ಹೊರಬರಬಹುದು. ಅದು ಇಂಗಾಲದ ಡೈಆಕ್ಸೈಡ್ ಆಗಿದ್ದರೆ ಬೆಂಕಿಯ ಜೊತೆಗೆ ಒಳಗಿದ್ದವರ ಉಸಿರೂ ಆರುತ್ತದೆ. ಡ್ರಿಲ್ ಹಿಡಿಯುವ ಮುನ್ನ ಕಟ್ಟಡದ ಫೈರ್ ಪ್ಯಾನೆಲ್ ನೋಡಿಕೊಳ್ಳುವವರ ಬರಹದ ಒಪ್ಪಿಗೆ ಬೇಕು, ಕೆಲಸ ಮುಗಿಯುವವರೆಗೆ ಅವರ ಮನುಷ್ಯನೊಬ್ಬ ಅಲ್ಲಿರಬೇಕು.

ಇನ್ನು ಗೇಟಿನ ಪುರಾಣ. ಅಂಧೇರಿ ಪೂರ್ವದ ಸೀಪ್ಜ್ 1973ರಿಂದಲೂ ರಫ್ತು ವಲಯ. ಅಲ್ಲಿ ಒಳಗೆ ಹೋಗುವ ಒಂದೊಂದು ಕಾರ್ಡಿನ ಸೀರಿಯಲ್ ನಂಬರೂ ಕಾಗದದಲ್ಲಿರಬೇಕು. ಒಂದಂಕಿ ತಪ್ಪಿದರೂ ಗೇಟಿನಲ್ಲೇ ಮಧ್ಯಾಹ್ನವಾಗುತ್ತದೆ. ಹೌಸಿಂಗ್ ಸೊಸೈಟಿಗಳಲ್ಲಿ ಟೆರೇಸಿನ ಬೀಗದ ಕೈ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ಪುಣೆಯ ಮಗಳ ಮನೆಯಲ್ಲಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಗೇಟಿನಲ್ಲಿ ಕಳೆದ ಎರಡು ಗಂಟೆಯನ್ನು ಹುಡುಗರು ಕೆಲಸದಲ್ಲಿ ಉಳಿಸಲು ನೋಡುತ್ತಾರೆ. ಅವಘಡದ ಬೀಜ ಅಲ್ಲೇ ಬೀಳುತ್ತದೆ.

ನಮ್ಮ ತಂಡದಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹುಡುಗನೊಬ್ಬನಿದ್ದಾನೆ. ಕಾಗದದ ಮೇಲೆ ಮಹಾರಾಷ್ಟ್ರದವನು, ಮನೆಮಾತು ನಮ್ಮದೇ ಕನ್ನಡ. ಗುತ್ತಿಗೆದಾರನ ಕಡೆಯಿಂದ ಬಂದ ತಂತ್ರಜ್ಞ. ಬ್ಯಾಟರಿ ಬದಲಿಸುವ ಮೊದಲ ಕೆಲಸದ ದಿನ ಬಾಗಿಲಲ್ಲೇ ನಿಲ್ಲಿಸಿ ಉಂಗುರ, ಕೈಗಡಿಯಾರ, ಬೆಳ್ಳಿ ಕಡಗ ತೆಗೆದಿಡು ಅಂದೆ. ಕಡಗ ತೆಗೆದ. ಉಂಗುರಕ್ಕೆ ಮಾತ್ರ ಮನಸ್ಸಾಗಲಿಲ್ಲ. ಲಗ್ನವಾಗಿ ಮೂರು ತಿಂಗಳಾಗಿತ್ತು.

'ಸಾಹೇಬ್ರ, 48 ವೋಲ್ಟಿಗೆ ಏನಾಗ್ತದರೀ? ಶಾಕೂ ಹೊಡಿಯೂದಿಲ್ಲ.'

'ನಿಮ್ಮೂರಾಗ ಟ್ರ್ಯಾಕ್ಟರ್ ಬ್ಯಾಟರಿ ಮ್ಯಾಲೆ ಪಾನಾ ಬಿದ್ದದ್ದು ನೋಡಿಯೇನು?'

'ಹೂನ್ರಿ. ಅಂಟಕೊಂಡು ಕೆಂಪಗಾಗಿತ್ತು.'

'ಅದು 12 ವೋಲ್ಟು. ಇಲ್ಲಿ ಅಂಥಾವು ನಾಕು ಸಾಲಾಗಿ ಅದಾವ. ಆ ಪಾನಾದ ಜಾಗಾದಾಗ ನಿನ್ನ ಉಂಗುರ ಅದ ಅಂತ ತಿಳಕೊ.'

ಮಾತಿಲ್ಲದೆ ಉಂಗುರ ತೆಗೆದು ಕಿಸೆಗೆ ಹಾಕಿಕೊಂಡ. ಅವನ ಪ್ರಶ್ನೆ ದಡ್ಡತನದ್ದಲ್ಲ. 48 ವೋಲ್ಟು ಒಣಗಿದ ಕೈಗೆ ಸಾಮಾನ್ಯವಾಗಿ ಜುಮ್ಮೂ ಅನ್ನಿಸುವುದಿಲ್ಲ. ಆ ಧೈರ್ಯವೇ ಅಪಾಯ. ಬ್ಯಾಟರಿಯ ಎರಡು ತುದಿಗಳ ನಡುವೆ ಲೋಹ ಬಿದ್ದರೆ ಸಾವಿರಾರು ಆಂಪಿಯರ್ ಹರಿಯಬಹುದು. ಬೆರಳಲ್ಲಿ ಉಂಗುರವಿದ್ದರೆ ಅದು ಕ್ಷಣದಲ್ಲಿ ಕಾದ ಬಳೆಯಾಗುತ್ತದೆ. ಆದ್ದರಿಂದ ಪಾನಾದ ಹಿಡಿಯನ್ನು ಪೂರ್ತಿ ಇನ್ಸುಲೇಷನ್ ಟೇಪಿನಿಂದ ಸುತ್ತುತ್ತೇವೆ, ಕೆಲಸ ಮಾಡದ ತುದಿಗಳನ್ನು ರಬ್ಬರ್ ಹಾಳೆಯಿಂದ ಮುಚ್ಚುತ್ತೇವೆ. ಕೊರಳಿನ ತಾಯತ, ಸೊಂಟದ ಬೆಳ್ಳಿ ಉಡಿದಾರವನ್ನೂ ಕೇಳಿ ತೆಗೆಸುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

ಟೆಲಿಕಾಂ ವಿದ್ಯುತ್ತಿನಲ್ಲಿ ಇನ್ನೊಂದು ತಿರುವಿದೆ. ನಮ್ಮದು ಮೈನಸ್ 48 ವೋಲ್ಟ್. ಅಂದರೆ ಪಾಸಿಟಿವ್ ತುದಿ ಭೂಮಿಗೆ ಸೇರಿರುತ್ತದೆ, ಅಪಾಯದ ತಂತಿ ನೆಗೆಟಿವ್. ನೆಲದಡಿಯ ತಾಮ್ರದ ತಂತಿ ಬೇಗ ಸವೆಯದಿರಲಿ ಎಂದು ಹಿಂದಿನವರು ಮಾಡಿದ ಏರ್ಪಾಡು ಇಂದಿಗೂ ನಡೆದಿದೆ. ಕಾರು, ಬೈಕಿನ ಬ್ಯಾಟರಿಯಲ್ಲಿ ಕೈ ಪಳಗಿದ ಹುಡುಗರಿಗೆ ಇಲ್ಲಿ ಎಲ್ಲ ಉಲ್ಟಾ. ತಂತಿಯ ಬಣ್ಣವನ್ನಂತೂ ನಂಬುವ ಹಾಗೇ ಇಲ್ಲ. ಆವತ್ತು ಅಂಗಡಿಯಲ್ಲಿ ಸಿಕ್ಕ ಬಣ್ಣವನ್ನೇ ಹಾಕಿ ಹೋದವರಿದ್ದಾರೆ. ಮೀಟರನ್ನೂ ಪೂರ್ತಿ ನಂಬುವುದಿಲ್ಲ. ಮೊದಲು ಕರೆಂಟ್ ಇದೆ ಎಂದು ಖಚಿತವಿರುವ ಕಡೆ ಹಿಡಿದು ನೋಡುತ್ತೇವೆ, ಆಮೇಲೆ ನಾವು ಮುಟ್ಟಬೇಕಾದ ತಂತಿಗೆ, ಮತ್ತೆ ಮೊದಲಿನ ಕಡೆಗೆ. ನಡುವೆಯೇ ಮೀಟರಿನ ಸೆಲ್ ಸತ್ತು ಸೊನ್ನೆ ತೋರಿಸಿದ್ದರೆ?

ಎರಡು ಕಡೆಯಿಂದ ವಿದ್ಯುತ್ ಪಡೆಯುವ ಯಂತ್ರಗಳದ್ದು ಬೇರೆಯೇ ಕಥೆ. ಒಂದು ಸ್ವಿಚ್ ಆರಿಸಿ 'ಬಂದ್ ಆಯ್ತು' ಅಂದರೆ ಇನ್ನೊಂದು ಕಡೆಯಿಂದ ಅದು ಜೀವಂತವಾಗೇ ಇರುತ್ತದೆ. ಎರಡನ್ನೂ ಆರಿಸಿ, ಬ್ರೇಕರಿಗೆ ನಮ್ಮದೇ ಬೀಗ ಹಾಕಿ, 'ಕಾಮ್ ಚಾಲೂ ಆಹೆ' ಎಂಬ ಬೋರ್ಡು ತೂಗಿಸಿ, ಕೈಯನ್ನು ಕಿಸೆಯಲ್ಲಿಟ್ಟುಕೊಳ್ಳುತ್ತೇವೆ. ಬೋರ್ಡು ಮರಾಠಿ, ಹಿಂದಿ ಎರಡರಲ್ಲೂ ಇರಬೇಕು. ಮಧ್ಯರಾತ್ರಿ ಕರೆಂಟ್ ಹೋಗಿದೆಯೆಂದು ಬಂದು ಸ್ವಿಚ್ ಎತ್ತುವವನು ವಾಚ್‌ಮನ್, ಇಂಜಿನಿಯರ್ ಅಲ್ಲ.

ಫೈಬರಿನಲ್ಲಿ ಕರೆಂಟಿಲ್ಲ, ಹಾಗಾಗಿ ಅದನ್ನು ಆಟಿಕೆಯಂತೆ ಹಿಡಿಯುತ್ತಾರೆ. ಅದರಲ್ಲಿ ಹರಿಯುವ 1310, 1550 ನ್ಯಾನೊಮೀಟರ್‌ನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದೂ ಇಲ್ಲ. ತುದಿಯನ್ನು ಕಣ್ಣಿಗೆ ಹಿಡಿದು ನೋಡುವ ಚಟ ಯಾರಿಗಿದ್ದರೂ ನಾನು ಕೈ ತಟ್ಟಿ ಬಿಡಿಸುತ್ತೇನೆ. ನೋಡಲು ಪವರ್ ಮೀಟರ್ ಇದೆ. ಕತ್ತರಿಸಿದ ಗಾಜಿನ ಎಳೆ ಕೂದಲಿಗಿಂತ ಹೆಚ್ಚು ದಪ್ಪವಿರುವುದಿಲ್ಲ, ಚರ್ಮಕ್ಕೆ ಹೊಕ್ಕರೆ ಹುಡುಕುವುದೇ ಕಷ್ಟ. ಕಪ್ಪು ಬಟ್ಟೆಯ ಮೇಲೆ ಕತ್ತರಿಸಿ, ಚೂರುಗಳನ್ನು ಮುಚ್ಚಳದ ಡಬ್ಬಿಗೆ ಹಾಕಿ, ಕೈ ತೊಳೆದೇ ವಡಾಪಾವ್ ಮುಟ್ಟಬೇಕು.

ಮಳೆಗಾಲದ ಪಾಠವನ್ನು ಈ ಊರು ಕಲಿಸುವಷ್ಟು ಬೇರೆ ಯಾವುದೂ ಕಲಿಸಲಾರದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ನಾನಾಗ ಇಲ್ಲಿಗೆ ಬಂದಿರಲಿಲ್ಲ, ಆದರೆ ಹಳಬರು ಇವತ್ತಿಗೂ ಬ್ಯಾಟರಿಯನ್ನು ನೆಲಮಾಳಿಗೆಯಲ್ಲಿ ಇಡಲು ಒಪ್ಪುವುದಿಲ್ಲ. ಮಳೆಯಲ್ಲಿ ಪಾಚಿಗಟ್ಟಿದ ಟೆರೇಸಿಗೆ ಹತ್ತುವುದಿಲ್ಲ, ಗುಡುಗಿದರೆ ಇಳಿಯುತ್ತೇವೆ. ಸಣ್ಣದೊಂದು ಸಂಗತಿ: ಎ.ಸಿ. ಲೋಕಲ್‌ನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗುತ್ತದಲ್ಲ, ಎ.ಸಿ. ಗೋದಾಮಿನಿಂದ ತಂದ ಕಾರ್ಡೂ ಹೊರಗಿನ ಹಸಿ ಗಾಳಿಯಲ್ಲಿ ಹಾಗೆಯೇ ಬೆವರುತ್ತದೆ. ಚೀಲ ಬಿಚ್ಚದೆ ಒಂದಷ್ಟು ಹೊತ್ತು ಇಟ್ಟು ಆಮೇಲೆ ತೆರೆಯಬೇಕು.

2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಗ್ರಿಡ್ ಕೆಟ್ಟು ಮುಂಬಯಿಗೆ ಮುಂಬಯಿಯೇ ಕರೆಂಟಿಲ್ಲದೆ ನಿಂತಿತು. ಲೋಕಲ್‌ಗಳು ಹಳಿಯ ಮೇಲೇ ನಿಂತವು. ಅದರ ನಂತರ ನಮಗೆ ಬ್ಯಾಟರಿ ಬದಲಿಸುವ ಕರೆಗಳ ಮಳೆ. ಎಲ್ಲರಿಗೂ ಇವತ್ತೇ ಬೇಕು, ಎಲ್ಲರಿಗೂ ರಾತ್ರಿಯೇ ಆಗಬೇಕು.

ಈ ರಾತ್ರಿ ಕೆಲಸದ ಲೆಕ್ಕ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬ್ಯಾಂಕಿನವರು ಯಂತ್ರ ನಿಲ್ಲಿಸಲು ಒಪ್ಪುವುದು ಮಧ್ಯರಾತ್ರಿಯ ನಂತರ. ಕೊನೆಯ ಲೋಕಲ್ ಒಂದರ ಹೊತ್ತಿಗೆ ಹೋಗಿರುತ್ತದೆ, ಮೊದಲನೆಯದು ನಾಲ್ಕು ದಾಟಿದ ಮೇಲೆ. ನಡುವೆ ಓಡಿಹೋಗಲು ಜಾಗವಿಲ್ಲ. ಮೂರು ಗಂಟೆಗೆ ಕಣ್ಣು ಎಳೆಯುವಾಗ ಒಬ್ಬ ಕೆಲಸ ಮಾಡಬೇಕು, ಇನ್ನೊಬ್ಬ ಬ್ರೇಕರಿನ ಪಕ್ಕ ನಿಂತು ನೋಡಬೇಕು. ಒಬ್ಬನನ್ನೇ ನಾನು ಯಾವತ್ತೂ ಕಳಿಸುವುದಿಲ್ಲ. ಅದಕ್ಕೆ ಆಫೀಸಿನಲ್ಲಿ ನನಗೆ 'ಖರ್ಚಿನ ಇಂಜಿನಿಯರ್' ಎಂಬ ಬಿರುದಿದೆ.

ಒಮ್ಮೆ ಹಳೆಯ ಕಟ್ಟಡವೊಂದರ ಗ್ರಾಹಕರಲ್ಲಿಗೆ ಹೋಗಿದ್ದೆವು. ಸರ್ವೆ ಫೋಟೊದಲ್ಲಿ ಮೂರು ಪಿನ್ನಿನ ಸಾಕೆಟ್ ಚೆನ್ನಾಗಿಯೇ ಇತ್ತು. ಅದನ್ನು ತೆಗೆದದ್ದು ಬೇರೆ ತಂಡ. ಜತ್ತದ ಹುಡುಗ ಮೀಟರ್ ಹಿಡಿದು ನನ್ನ ಮುಖ ನೋಡಿದ. ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಒಂದೆರಡು ವೋಲ್ಟ್ ಇರಬೇಕಾದ ಕಡೆ ನಲವತ್ತರ ಮೇಲೆ. ಸಾಕೆಟ್ ಬಿಚ್ಚಿಸಿದರೆ ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಇವತ್ತು ಆಗುವುದಿಲ್ಲ ಅಂದೆ. ಮ್ಯಾನೇಜರ್‌ಗೆ ಸಿಟ್ಟು ಬಂತು. 'ಇಷ್ಟು ವರ್ಷ ಹೀಗೇ ನಡೆದಿದೆ, ನಿಮಗೊಬ್ಬರಿಗೇ ತೊಂದರೆಯೇ?' ಎಂದು ಹಿಂದಿಯಲ್ಲಿ ದಬಾಯಿಸಿದರು. ಮೀಟರಿನ ಫೋಟೊ ತೆಗೆದು, ಅವರದೇ ಸಹಿ ಕೇಳಿ, ಕೊಡದಿದ್ದಾಗ 'ಸಹಿ ನಿರಾಕರಿಸಿದ್ದಾರೆ' ಎಂದು ಬರೆದು ಹೊರಬಂದೆವು. ನಾವು ತಲುಪುವ ಮೊದಲೇ ದೂರು ಆಫೀಸು ತಲುಪಿತ್ತು. ನಾಲ್ಕನೇ ದಿನ ಅವರ ಎಲೆಕ್ಟ್ರಿಷಿಯನ್ ಅರ್ಥಿಂಗ್ ತಂತಿ ಎಳೆದ. ನಾವು ಮೊದಲು ಯಂತ್ರದ ಚೌಕಟ್ಟಿಗೆ ಅರ್ಥಿಂಗ್ ಬಿಗಿದು, ಆಮೇಲೆ ಕರೆಂಟ್ ಕೊಟ್ಟು, ಎರಡೇ ತಾಸಿನಲ್ಲಿ ಮುಗಿಸಿದೆವು.

ಆದರೆ ಆ ರಾತ್ರಿ ಸ್ಟೇಷನ್‌ಗೆ ನಡೆಯುವಾಗ ಹುಡುಗ ಕೇಳಿದ್ದು ಬೇರೆ. 'ಸಾಹೇಬ್ರ, ಇವತ್ತಿಂದು ರೊಕ್ಕ ಸಿಗತದೇನ್ರಿ?'

ಸಿಗುವುದಿಲ್ಲ. ನನಗೆ ತಿಂಗಳ ಸಂಬಳ, ಕೆಲಸ ಆದರೂ ಆಗದಿದ್ದರೂ ಬರುತ್ತದೆ. ಅವನಿಗೆ ಮುಗಿದ ಕೆಲಸಕ್ಕೆ ಇಷ್ಟು ಎಂದು ಲೆಕ್ಕ. ಬೇಡ ಎಂದು ಹೇಳುವ ಅಧಿಕಾರ ನನ್ನದು, ಅದರ ದಂಡ ಅವನದು. ನಾನಿಲ್ಲದ ದಿನ ಅವನು ಅರ್ಥಿಂಗ್ ಇಲ್ಲದ ಸಾಕೆಟ್ಟಿನ ಮುಂದೆ ಒಬ್ಬನೇ ನಿಂತರೆ ಏನು ಮಾಡುತ್ತಾನೆ? ಕೂಲಿ ಬಿಟ್ಟು ವಾಪಸು ಬಾ ಎಂದು ಯಾವ ಬಾಯಿಂದ ಹೇಳಲಿ? ಕೈಗವಸು, ಹೆಲ್ಮೆಟ್, ತರಬೇತಿಯ ಸರ್ಟಿಫಿಕೇಟು ಎಲ್ಲ ಕೊಟ್ಟು ಈ ಒಂದನ್ನು ಹಾಗೇ ಬಿಟ್ಟಿದ್ದೆವು.

ಗುತ್ತಿಗೆದಾರನ ಜೊತೆ ತಿಂಗಳುಗಟ್ಟಲೆ ಜಗ್ಗಾಡಿದೆವು. 'ಕಳ್ಳ ಭೇಟಿ ಹೆಚ್ಚುತ್ತವೆ' ಎಂಬುದು ಅವರ ವಾದ. ಅದರಲ್ಲಿ ನಿಜವಿಲ್ಲವೆನ್ನಲಾರೆ. ಕೊನೆಗೆ ಒಂದು ಒಪ್ಪಂದವಾಯಿತು: ಗ್ರಾಹಕರ ಕಡೆ ಸಿದ್ಧತೆ ಇಲ್ಲದೆ ವಾಪಸು ಬಂದರೆ, ಸಮಯ ನಮೂದಾದ ಮೀಟರಿನ ಫೋಟೊ ಇದ್ದರೆ, ಅರ್ಧ ಹಣ ಮತ್ತು ಪ್ರಯಾಣದ ಖರ್ಚು. ಪೂರ್ತಿ ಕೊಡಬೇಕೆಂಬುದು ನನ್ನ ಅಭಿಪ್ರಾಯ, ಅದಿನ್ನೂ ಆಗಿಲ್ಲ.

ಮೊದಲ ತಿಂಗಳಲ್ಲಿ ಅಂಥ ಫೋಟೊ ಮೂರು ಬಂದವು. ಎರಡು ಅರ್ಥಿಂಗ್‌ನವು. ಮೂರನೆಯದು ಜತ್ತದ ಹುಡುಗ ಕಳಿಸಿದ್ದು, ಬೋರಿವಲಿಯ ಸೊಸೈಟಿಯೊಂದರ ಒದ್ದೆ ಟೆರೇಸಿನದು. ಅದರಲ್ಲಿ ಮೀಟರಿಲ್ಲ, ಅಳೆಯಲು ಏನೂ ಇರಲೂ ಇಲ್ಲ. ಗುತ್ತಿಗೆದಾರ ಒಪ್ಪಲಿಲ್ಲ. ಈಗ ಒಪ್ಪಂದದ ಸಾಲಿನಲ್ಲಿ 'ಮೀಟರಿನ ಫೋಟೊ' ಎಂದಿರುವ ಕಡೆ 'ಅಥವಾ ಸ್ಥಳದ ಫೋಟೊ' ಎಂದು ಸೇರಿಸಲು ಮತ್ತೆ ಪತ್ರ ಬರೆದಿದ್ದೇನೆ.