ಅಂಬಾಸಿಡರ್ ಕಾರಿನ ಸವೆದ ಯು.ಜೆ. ಕ್ರಾಸ್: ಗುರುತಿಸುವ, ಕೊಳ್ಳುವ ಹಾಗೂ ಬದಲಾಯಿಸುವ ಕ್ರಮ

ಬೀದರ, ಭಾಲ್ಕಿ ಹಾಗೂ ಔರಾದ ಭಾಗದ ವರ್ತಕ ಮನೆತನಗಳಿಗೂ ಅಂಬಾಸಿಡರ್ ಕಾರಿಗೂ ಇರುವ ನಂಟು ಹಳೆಯದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯನ್ನು ಆಧರಿಸಿ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಿಸುತ್ತಿದ್ದ ಈ ಕಾರಿನ ಉತ್ಪಾದನೆ 2014ರ ಮೇ ತಿಂಗಳಲ್ಲಿ ನಿಂತಿತು. ಕಾರ್ಖಾನೆ ನಿಂತರೂ ಕಾರುಗಳು ನಿಲ್ಲಲಿಲ್ಲ. ಅವುಗಳನ್ನು ಉಳಿಸಿಕೊಂಡವರಿಗೆ ಬಿಡಿಭಾಗ ಒದಗಿಸುವ ಅಂಗಡಿಕಾರರೂ ದುರಸ್ತಿ ಮಾಡುವ ಸಣ್ಣ ವರ್ಕ್‌ಶಾಪಿನವರೂ ಪ್ರಸ್ತುತ ಲೇಖನದ ಓದುಗರು.

ಎಂಜಿನ್ ಮುಂದೆ, ಚಾಲನೆ ಪಡೆಯುವ ಚಕ್ರಗಳು ಹಿಂದೆ. ನಡುವೆ ಶಕ್ತಿಯನ್ನು ಒಯ್ಯುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ರಸ್ತೆಯ ಏರಿಳಿತಕ್ಕೆ ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಶಾಫ್ಟಿನ ಎರಡೂ ತುದಿಗಳಲ್ಲಿ ಬಾಗುತ್ತಲೇ ತಿರುಗಬಲ್ಲ ಕೀಲು ಬೇಕಾಗುತ್ತದೆ. ಇದೇ ಯೂನಿವರ್ಸಲ್ ಜಾಯಿಂಟ್. ನಮ್ಮ ಮೆಕ್ಯಾನಿಕರ ಬಾಯಲ್ಲಿ 'ಕ್ರಾಸ್'. ಇಟಲಿಯ ಕಾರ್ದಾನೋ ಹಾಗೂ ಇಂಗ್ಲೆಂಡಿನ ರಾಬರ್ಟ್ ಹುಕ್ ಅವರ ಹೆಸರುಗಳೊಂದಿಗೆ ತಳುಕು ಹಾಕಿಕೊಂಡ ಈ ಉಪಾಯವನ್ನು ಮೋಟಾರು ಕಾರಿಗೆ ಒಗ್ಗಿಸಿ, 1903ರಲ್ಲಿ ಹಕ್ಕುಪತ್ರ ಪಡೆದವರು ಅಮೆರಿಕದ ಕ್ಲಾರೆನ್ಸ್ ಸ್ಪೈಸರ್. ಕೂಡುಚಿಹ್ನೆಯಾಕಾರದ ಒಂದು ಉಕ್ಕಿನ ತುಂಡು, ಅದರ ನಾಲ್ಕು ತೋಳುಗಳಿಗೆ ನಾಲ್ಕು ಬಟ್ಟಲು, ಪ್ರತಿ ಬಟ್ಟಲಿನೊಳಗೆ ಸುತ್ತಲೂ ನಿಂತ ಸೂಜಿ ಬೇರಿಂಗುಗಳು, ಹೊರಗೆ ಬೀಳದಂತೆ ಹಿಡಿಯುವ ಸರ್‌ಕ್ಲಿಪ್ ಎಂಬ ಲಾಕ್. ಇಷ್ಟೇ ಅದರ ರಚನೆ.

ಈ ಸೂಜಿಗಳು ಪೂರ್ಣ ಸುತ್ತು ಉರುಳುವುದಿಲ್ಲ. ಒಂದೇ ಜಾಗದಲ್ಲಿ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡುತ್ತಿರುತ್ತವೆ. ಗ್ರೀಸ್ ಒಣಗಿದರೆ ಅದೇ ಜಾಗದಲ್ಲಿ ತೋಳನ್ನು ಒತ್ತಿ, ಉಗುರಿನಿಂದ ಎಳೆದಂತೆ ಸಾಲು ಗೀರುಗಳನ್ನು ಮೂಡಿಸುತ್ತವೆ. ಬೇಸಿಗೆಯಲ್ಲಿ ಜಂಬಿಟ್ಟಿಗೆಯ ಕೆಂಪು ಧೂಳು, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು, ಹೀಗೆ ನಮ್ಮ ಜಿಲ್ಲೆಯಲ್ಲಿ ಎರಡೂ ಕಾಲ ಈ ಕೀಲಿಗೆ ಪ್ರತಿಕೂಲವೇ.

ಸವೆತವನ್ನು ಗುರುತಿಸುವುದು

ಕ್ಲಚ್ ಬಿಟ್ಟೊಡನೆ, ಅಥವಾ ಮುಂದಿನ ಗೇರಿನಿಂದ ರಿವರ್ಸಿಗೆ ಹಾಕಿದಾಗ ಕಾರಿನಡಿಯಿಂದ 'ಟಕ್' ಎಂಬ ಸದ್ದು ಬರುವುದು ಮೊದಲ ಸೂಚನೆ. ನಿಧಾನ ಚಾಲನೆಯಲ್ಲಿ ಹಕ್ಕಿ ಕೂಗಿದಂತೆ ಕಿರುಗುಟ್ಟಿದರೆ ಗ್ರೀಸ್ ಮುಗಿದಿದೆ ಎಂದರ್ಥ. ಬಟ್ಟಲಿನ ಸೀಲ್ ಬಳಿ ಕಾಫಿಪುಡಿಯ ಬಣ್ಣದ ತುಕ್ಕು ಕಂಡರೆ ಸಂದೇಹಕ್ಕೆ ಎಡೆಯೇ ಇಲ್ಲ. ಆದರೆ ಡಿಫರೆನ್ಷಿಯಲ್ ಹಲ್ಲುಗಳ ಸಡಿಲವೂ ಇದೇ ಬಗೆಯ ಸದ್ದು ಮಾಡುವುದರಿಂದ ಕೈಯಿಂದ ಪರೀಕ್ಷಿಸುವುದು ಅಗತ್ಯ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕೀಲಿನ ಒಂದು ಬದಿಯ ಕವಲನ್ನು ಒಂದು ಕೈಯಲ್ಲಿ, ಇನ್ನೊಂದು ಬದಿಯದನ್ನು ಮತ್ತೊಂದು ಕೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಬೇಕು. ಎರಡರ ನಡುವೆ ಕೂದಲೆಳೆಯಷ್ಟು ಆಟವಿದ್ದರೂ ಕ್ರಾಸ್ ಮುಗಿದಂತೆ. ಅಲ್ಲಿ ಆಟವಿಲ್ಲದೆ ಶಾಫ್ಟಿನ ಜಾರುಗೀಲಿನಲ್ಲಿ ಆಟವಿದ್ದರೆ ದೋಷ ಬೇರೆಡೆ ಇದೆ. ಕ್ರಾಸಿಗೆ ಹಣ ಹಾಕಬಾರದು.

ಕೊಳ್ಳುವಾಗ

ಅಂಗಡಿಯಲ್ಲಿ ಕಾರಿನ ಹೆಸರು ಹೇಳಿ ಕ್ರಾಸ್ ಕೊಳ್ಳುವ ರೂಢಿಯನ್ನು ಮಾರುವವರೂ ಕೊಳ್ಳುವವರೂ ಬಿಡುವುದು ಲೇಸು. ಮೊದಲಿನ 1489 ಸಿ.ಸಿ. ಎಂಜಿನ್ನಿನ ಕಾರಿಗೂ ಮುಂದೆ ಇಸುಜು ಎಂಜಿನ್ ಬಂದ ಮಾದರಿಗೂ ಗೇರ್‌ಬಾಕ್ಸೇ ಬೇರೆ. ಎಷ್ಟೋ ಕಾರುಗಳಿಗೆ ಮಾಲೀಕರು ಬೇರೆ ವಾಹನದ ಎಂಜಿನ್ ಕೂರಿಸಿ ಶಾಫ್ಟನ್ನೂ ಬದಲಿಸಿರುತ್ತಾರೆ. ಆದುದರಿಂದ ಹಳೆಯ ಕ್ರಾಸ್ ಬಿಚ್ಚಿ, ಬಟ್ಟಲಿನ ಹೊರವ್ಯಾಸ ಹಾಗೂ ಎದುರುಬದುರಿನ ಎರಡು ಬಟ್ಟಲುಗಳ ಹೊರ ಅಂಚಿನ ನಡುವಿನ ಅಳತೆಯನ್ನು ವರ್ನಿಯರ್ ಕ್ಯಾಲಿಪರಿನಿಂದ ತೆಗೆದುಕೊಂಡೇ ಅಂಗಡಿಗೆ ಹೋಗತಕ್ಕದ್ದು. ಕೌಂಟರಿನ ಮೇಲೆ ಒಂದು ವರ್ನಿಯರ್ ಇಟ್ಟ ವರ್ತಕನಿಗೆ ವಾಪಸು ಬರುವ ಮಾಲು ಕಡಿಮೆ.

ಎರಡನೆಯದು ಉಕ್ಕಿನ ಗುಣ. ಒಳ್ಳೆಯ ಕ್ರಾಸಿನ ತೋಳು ಒಳಗೆ ಜಿಗುಟು, ಹೊರಮೈ ಮಾತ್ರ ಕಾರ್ಬನ್ ಉಣಿಸಿ ಗಡುಸುಗೊಳಿಸಿದ್ದು. ಗಡಸುತನ ರಾಕ್‌ವೆಲ್ 'ಸಿ' ಮಾಪನದಲ್ಲಿ ಸುಮಾರು 58ರಿಂದ 62. ಪ್ರಯೋಗಶಾಲೆ ಇಲ್ಲದವರು ಒಂದು ಮಾದರಿಯ ತೋಳಿನ ತುದಿಯ ಮೇಲೆ ಹೊಸ ಅರವನ್ನು ಆಡಿಸಿ ನೋಡಬಹುದು. ಅರ ಜಾರಿದರೆ ಸರಿ. ಕಚ್ಚಿದರೆ ಆ ಮಾಲು ಅಗ್ಗವಾದರೂ ದುಬಾರಿ.

ದರದ ಬಗ್ಗೆ ಒಂದು ಮಾತು. ಮೋಟಾರು ವಾಹನ ಬಿಡಿಭಾಗಗಳ ಮೇಲೆ ಶೇ. 28 ಇದ್ದ ಜಿ.ಎಸ್.ಟಿ. ದಿನಾಂಕ 22-9-2025ರಿಂದ ಶೇ. 18ಕ್ಕೆ ಇಳಿದಿದೆ. ಹಳೆಯ ಪಟ್ಟಿಯಂತೆ ಬಿಲ್ ಬರೆಯುವ ಅಂಗಡಿ ಇನ್ನೂ ಇದ್ದರೆ ಅದನ್ನು ತಿದ್ದಿಕೊಳ್ಳುವುದು ಒಳಿತು.

ಬಿಚ್ಚುವುದು, ಕೂರಿಸುವುದು

ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ಅಥವಾ ಇಟ್ಟಿಗೆಯನ್ನು ನಂಬಿ ಕೆಳಗೆ ಮಲಗುವುದು ಸರ್ವಥಾ ಸಲ್ಲದು. ಬೋಲ್ಟ್ ಬಿಚ್ಚುವ ಮುನ್ನ ಶಾಫ್ಟಿನ ಫ್ಲ್ಯಾಂಜ್ ಮತ್ತು ಆಕ್ಸಲಿನ ಫ್ಲ್ಯಾಂಜ್ ಎರಡರ ಮೇಲೂ, ಹಾಗೆಯೇ ಜಾರುಗೀಲಿನ ಎರಡು ಭಾಗಗಳ ಮೇಲೂ ಬಣ್ಣದ ಗೆರೆ ಎಳೆಯಬೇಕು. ಈ ಗೆರೆಯ ಮಹತ್ವ ಹಲವರಿಗೆ ತಿಳಿಯದು. ಒಂದೇ ಕ್ರಾಸ್ ಬಾಗಿ ತಿರುಗಿದರೆ ಪ್ರತಿ ಸುತ್ತಿನಲ್ಲಿ ಎರಡು ಬಾರಿ ವೇಗ ಹೆಚ್ಚಿ ಎರಡು ಬಾರಿ ತಗ್ಗುತ್ತದೆ. 10 ಡಿಗ್ರಿ ಬಾಗಿದಾಗ ಈ ವ್ಯತ್ಯಾಸ ಎರಡೂ ಕಡೆಗೆ ಸುಮಾರು ಶೇ. 1.5. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿದ್ದು ಎರಡೂ ಕೀಲುಗಳ ಬಾಗು ಸಮನಾಗಿದ್ದರೆ ಮಾತ್ರ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಜಾರುಗೀಲನ್ನು ಒಂದೆರಡು ಹಲ್ಲು ತಪ್ಪಿಸಿ ಜೋಡಿಸಿದರೆ ಹೊಸ ಕ್ರಾಸ್ ಹಾಕಿದ ಮೇಲೆಯೂ ಕಾರು ನಡುಗುತ್ತದೆ. ಆಗ ನಿರಪರಾಧಿ ಬಿಡಿಭಾಗದ ಮೇಲೆ ದೂರು ಬರುತ್ತದೆ.

ಶಾಫ್ಟಿನ ಕೊಳವೆಯನ್ನು ವೈಸಿಗೆ ಕೊಡಬಾರದು, ಕವಲನ್ನಷ್ಟೇ ಹಿಡಿಯಬೇಕು. ತುಕ್ಕು ಹಿಡಿದ ಲಾಕುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೆ ಬೆಳಿಗ್ಗೆ ಸುಲಭ. ಲಾಕ್ ತೆಗೆದು, ಒಂದು ಬದಿಗೆ ಬಟ್ಟಲಿಗಿಂತ ಚಿಕ್ಕ ಸಾಕೆಟ್, ಎದುರು ಬದಿಗೆ ಬಟ್ಟಲು ಒಳಹೋಗುವಷ್ಟು ದೊಡ್ಡ ಸಾಕೆಟ್ ಇಟ್ಟು ವೈಸನ್ನು ಬಿಗಿದರೆ ಬಟ್ಟಲು ತಾನೇ ಹೊರಬರುತ್ತದೆ. ಹೊಸದನ್ನು ಒತ್ತುವುದೂ ಹೀಗೆಯೇ. ಗ್ರೀಸ್ ನಿಪ್ಪಲ್ ಶಾಫ್ಟಿನ ಕಡೆಗೆ, ಗನ್ ತಲುಪುವಂತೆ ಇರಲಿ.

ಇಲ್ಲಿ ಸ್ವಾನುಭವವೊಂದನ್ನು ಹೇಳಬೇಕು. ನಮ್ಮ ಮನೆಯ ಕಾರಿಗೆ ಒಂದೆಡೆ ಹೊಸ ಕ್ರಾಸ್ ಹಾಕಿಸಿ ಎರಡು ತಿಂಗಳಾಗಿರಲಿಲ್ಲ. ಬಗದಲ್‌ನಿಂದ ಬೀದರಕ್ಕೆ ಬರುವ ದಾರಿಯಲ್ಲಿ ಮತ್ತೆ ಅದೇ ಸದ್ದು. ಬಿಚ್ಚಿ ನೋಡಲಾಗಿ ಬಟ್ಟಲಿನ ತಳದಲ್ಲಿ ಒಂದು ಸೂಜಿ ಅಡ್ಡ ಬಿದ್ದಿತ್ತು. ಅದರಿಂದ ಬಟ್ಟಲು ಪೂರ್ತಿ ಒಳಸರಿಯದೆ, ಲಾಕ್ ತನ್ನ ಗಾಡಿಗೆ ಇಳಿಯದೆ, ಸುತ್ತಿಗೆಯ ಪೆಟ್ಟಿನಿಂದ ಅರೆಬರೆ ಕೂತಿತ್ತು. ಮಾಲು ಉತ್ತಮವೇ ಆಗಿತ್ತು, ಕೆಟ್ಟದ್ದು ಜೋಡಣೆ. ವೇಗದಲ್ಲಿದ್ದಾಗ ಮುಂದಿನ ಕೀಲು ಕಳಚಿದ್ದರೆ ಶಾಫ್ಟಿನ ತುದಿ ರಸ್ತೆಗೆ ನೆಟ್ಟು ಕಾರನ್ನೇ ಎತ್ತಿಹಾಕಬಹುದಿತ್ತು. ಆದುದರಿಂದ ಒಂದು ನಿಯಮ: ಲಾಕ್ ಬೆರಳೊತ್ತಿಗೆ ಗಾಡಿಯಲ್ಲಿ ಪೂರ್ತಿ ಕೂರದಿದ್ದರೆ ಹೊಡೆಯಬಾರದು, ಬಿಚ್ಚಬೇಕು. ಸೂಜಿಗಳನ್ನು ಗ್ರೀಸಿನಲ್ಲಿ ಅಂಟಿಸಿ ನಿಲ್ಲಿಸಿ, ತೋಳನ್ನು ಬಟ್ಟಲಿನೊಳಗೆ ಇರಿಸಿಕೊಂಡೇ ಒತ್ತಿದರೆ ಅವು ಬೀಳುವುದಿಲ್ಲ. ಕೂರಿಸಿದ ಮೇಲೆ ಕೀಲು ಎಲ್ಲ ದಿಕ್ಕಿಗೂ ಒಂದೇ ಬಿಗುವಿನಿಂದ, ಎಲ್ಲಿಯೂ ತಡೆಯದೆ ಬಾಗಬೇಕು. ತುಸು ಬಿಗಿಯೆನಿಸಿದರೆ ಕವಲಿನ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಬಟ್ಟಲುಗಳು ತಮ್ಮ ಸ್ಥಾನಕ್ಕೆ ಸರಿಯುತ್ತವೆ.

ಲಿಥಿಯಂ ಆಧಾರಿತ 2ನೆಯ ನಂಬರ್ ಗ್ರೀಸನ್ನು ನಾಲ್ಕೂ ಸೀಲುಗಳಿಂದ ಇಣುಕುವವರೆಗೆ ತುಂಬಬೇಕು. ಮೂರರಲ್ಲಿ ಬಂದು ನಾಲ್ಕನೆಯದರಲ್ಲಿ ಬಾರದಿದ್ದರೆ ಆ ತೋಳು ಒಣಗಿಯೇ ಓಡುತ್ತದೆ. ಫ್ಲ್ಯಾಂಜಿಗೆ ಹೊಸ ಸೆಲ್ಫ್‌ಲಾಕ್ ನಟ್ಟುಗಳನ್ನೇ ಹಾಕತಕ್ಕದ್ದು.

ಇಷ್ಟು ಕೆಲಸಕ್ಕೆ ಬೇಕಾದುದು ಗಟ್ಟಿ ವೈಸು, ಸಾಕೆಟ್ ಸೆಟ್ಟು, ವರ್ನಿಯರ್ ಮತ್ತು ಗ್ರೀಸ್ ಗನ್. ಕಾರಿನ ಕೆಲಸ ವರ್ಷಕ್ಕೆ ನಾಲ್ಕು ಬಂದೀತು. ಆದರೆ ಟ್ರ್ಯಾಕ್ಟರಿನ ಪಿ.ಟಿ.ಓ.ದಿಂದ ರೋಟಾವೇಟರಿಗೆ ಶಕ್ತಿ ಒಯ್ಯುವ ಶಾಫ್ಟಿನಲ್ಲಿಯೂ ಇರುವುದು ಇದೇ ಬಗೆಯ ಕ್ರಾಸ್. ಸೋಯಾ, ತೊಗರಿಯ ಬಿತ್ತನೆಗೆ ಮುನ್ನ ಆ ದುರಸ್ತಿ ಹಳ್ಳಿ ಹಳ್ಳಿಯಲ್ಲಿ ಬೇಕಾಗುತ್ತದೆ. ಅಲ್ಲಿಯೂ ಕವಲುಗಳ ಸಮತಲ ತಪ್ಪಿಸಿ ಜೋಡಿಸುವ ದೋಷ ಆಗಬಹುದಾದ್ದರಿಂದ ಗೆರೆ ಎಳೆದೇ ಬಿಚ್ಚುವ ಅಭ್ಯಾಸವನ್ನು ಹುಡುಗರಿಗೆ ಮೊದಲ ದಿನವೇ ಕಲಿಸಬೇಕು.

ಕಾರಿನ ಮಾಲೀಕರು ಕೇಳುವ ಪ್ರಶ್ನೆಯೊಂದಿದೆ: ವಿಂಟೇಜ್ ನೋಂದಣಿ ಮಾಡಿಸಬಹುದೇ? 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನಕ್ಕೆ ಮಾತ್ರ ಅದು ಲಭ್ಯ. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂಗಡಿಗೂ ಮನೆಗೂ ಓಡುವ ಕಾರು ಎಂದಿನಂತೆ ತಪಾಸಣೆಗೆ ಒಳಪಟ್ಟು ನೋಂದಣಿ ನವೀಕರಿಸಿಕೊಳ್ಳಬೇಕು. ತಪಾಸಣೆಗೆ ಒಯ್ಯುವ ವಾರದ ಮುಂಚೆ ಶಾಫ್ಟಿನ ಬೋಲ್ಟುಗಳನ್ನೊಮ್ಮೆ ನೋಡಿಸಿಕೊಳ್ಳಿ. ಕ್ರಾಸ್ ಹೊಸದಾಗಿದ್ದರೆ ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಅವುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸುವುದು ಕಡ್ಡಾಯವೆಂದೇ ತಿಳಿಯಬೇಕು.