ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾ ಬಳಕೆ

ಮೀಡಿಯಂ ಫಾರ್ಮ್ಯಾಟ್ ಫಿಲ್ಮ್ ಕ್ಯಾಮೆರಾ ಎಂದರೆ 35 ಮಿ.ಮೀ. ಫಿಲ್ಮಿಗಿಂತ ದೊಡ್ಡದಾದ, 4×5 ಅಂಗುಲದ ಹಾಳೆ ಫಿಲ್ಮಿಗಿಂತ ಚಿಕ್ಕದಾದ ನೆಗೆಟಿವ್ ಕೊಡುವ ಕ್ಯಾಮೆರಾ. ಇಂದು ಇದಕ್ಕೆ ಬಳಕೆಯಾಗುವುದು ಬಹುಮಟ್ಟಿಗೆ '120' ಎಂಬ ಹೆಸರಿನ ಸುರುಳಿ ಫಿಲ್ಮ್. ಕೊಡ್ಯಾಕ್ ಸಂಸ್ಥೆಯು 1901ರಲ್ಲಿ ತನ್ನ ಬ್ರೌನಿ ಸರಣಿಯ ಒಂದು ಪೆಟ್ಟಿಗೆ ಕ್ಯಾಮೆರಾಕ್ಕಾಗಿ ಈ ಫಿಲ್ಮನ್ನು ಹೊರತಂದಿತು. ಡಿಜಿಟಲ್ ಕ್ಯಾಮೆರಾ ಬಂದ ನಂತರವೂ ಈ ಕ್ಯಾಮೆರಾಗಳನ್ನು ಕಲಿಯುವವರು ಉಳಿದುಕೊಂಡಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ರೂಢಿಯಾದವರಿಗೆ ಇಲ್ಲಿ ಎದುರಾಗುವ ಮುಖ್ಯ ಕಷ್ಟ ಒಂದೇ: ಈ ಯಂತ್ರವು ತಪ್ಪನ್ನು ತಡೆಯುವುದಿಲ್ಲ, ತಪ್ಪಾಯಿತೆಂದು ತಿಳಿಸುವುದೂ ಇಲ್ಲ. ರೀಲು ತೊಳೆದು ಬರುವವರೆಗೆ ಏನಾಗಿದೆ ಎಂಬುದು ಗೊತ್ತಾಗದು. ಆದ್ದರಿಂದ ಕಲಿಕೆಯ ಬಹುಭಾಗವು ಗುಂಡಿ ಒತ್ತುವ ಮುನ್ನ ಮಾಡಬೇಕಾದ ಕೆಲಸಗಳಿಗೆ ಸಂಬಂಧಿಸಿದೆ.

ಚೌಕಟ್ಟಿನ ಅಳತೆ

120 ಫಿಲ್ಮಿನ ಅಗಲ ಸುಮಾರು 61 ಮಿ.ಮೀ. ಒಂದು ಸುರುಳಿಯಲ್ಲಿ ಎಷ್ಟು ಚಿತ್ರಗಳು ಬರುತ್ತವೆ ಎಂಬುದು ಕ್ಯಾಮೆರಾದ ಚೌಕಟ್ಟನ್ನು ಅವಲಂಬಿಸಿದೆ. 6×6 ಸೆಂ.ಮೀ. ಚೌಕಟ್ಟಿನಲ್ಲಿ 12, 6×7ರಲ್ಲಿ 10, 6×9ರಲ್ಲಿ 8, 6×4.5ರಲ್ಲಿ 15 ಅಥವಾ 16. 6×6 ಎಂದು ಕರೆದರೂ ನಿಜವಾದ ಅಳತೆ ಸುಮಾರು 56×56 ಮಿ.ಮೀ. 35 ಮಿ.ಮೀ. ಫಿಲ್ಮಿನ 24×36 ಮಿ.ಮೀ. ಚೌಕಟ್ಟಿಗೆ ಹೋಲಿಸಿದರೆ ಇದರ ವಿಸ್ತೀರ್ಣ ಮೂರೂವರೆ ಪಟ್ಟಿಗೂ ಹೆಚ್ಚು. ದೊಡ್ಡ ನೆಗೆಟಿವನ್ನು ಕಡಿಮೆ ಹಿಗ್ಗಿಸಿದರೆ ಸಾಕಾಗುವುದರಿಂದ ಮುದ್ರಿತ ಚಿತ್ರದಲ್ಲಿ ಕಾಳು ಕಡಿಮೆ ಕಾಣುತ್ತದೆ, ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳು ನಯವಾಗಿ ಮೂಡುತ್ತವೆ. ಹನ್ನೆರಡೇ ಚಿತ್ರಗಳೆಂಬ ಮಿತಿಯನ್ನು ಕೆಲವರು ಕೊರತೆಯೆಂದು ಎಣಿಸುತ್ತಾರೆ. ಕಲಿಯುವವರ ಮಟ್ಟಿಗೆ ಅದು ಅನುಕೂಲವೇ ಸರಿ, ಏಕೆಂದರೆ ಹನ್ನೆರಡು ಚಿತ್ರಗಳ ವಿವರವನ್ನು ಒಂದು ಪುಟದಲ್ಲಿ ಬರೆದಿಡಬಹುದು.

ಕ್ಯಾಮೆರಾದ ಬಗೆಗಳು

ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆಯು 1929ರಲ್ಲಿ ರೋಲಿಫ್ಲೆಕ್ಸ್ ಎಂಬ ಜೋಡಿ ಮಸೂರದ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಮೇಲಿನ ಮಸೂರ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಇದೇ ಮಾದರಿಯಲ್ಲಿ ಜಪಾನಿನ ಯಾಶಿಕಾ ಮ್ಯಾಟ್ 124ಜಿ, ಚೀನಾದ ಸೀಗಲ್ ಮೊದಲಾದವು ಬಂದವು. ಸ್ವೀಡನ್ನಿನ ಹ್ಯಾಸೆಲ್‌ಬ್ಲಾಡ್ ಒಂದೇ ಮಸೂರದ್ದು. ಅದರ ಮಸೂರವನ್ನೂ ಫಿಲ್ಮಿನ ಪೆಟ್ಟಿಗೆಯನ್ನೂ ಬೇಕಾದಾಗ ಬದಲಾಯಿಸಬಹುದು. 1969ರಲ್ಲಿ ಚಂದ್ರನ ಮೇಲೆ ಮಾನವನು ಕಾಲಿಟ್ಟಾಗ ಬಳಕೆಯಾದ ಸ್ಥಿರಚಿತ್ರ ಕ್ಯಾಮೆರಾ ಈ ಸಂಸ್ಥೆಯದೇ. 1970ರಲ್ಲಿ ಬಂದ ಮಮಿಯಾ ಆರ್‌ಬಿ 67 ಸ್ಟುಡಿಯೋ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಮಸೂರ ಸಹಿತ ಅದರ ತೂಕ ಎರಡೂವರೆ ಕಿಲೋ ದಾಟುತ್ತದೆ. ಹೊತ್ತು ತಿರುಗಾಡಿ ಕಲಿಯಲು ಯೋಗ್ಯವಲ್ಲ. ಜೋಡಿ ಮಸೂರದ ಕ್ಯಾಮೆರಾ ಆರಂಭಕ್ಕೆ ಉತ್ತಮ. ಅದರಲ್ಲಿ ಕೆಡುವ ಭಾಗಗಳು ಕಡಿಮೆ, ಷಟರ್ ಸದ್ದೂ ಕಡಿಮೆ.

ಭಾರತದ ಮನೆಗಳಲ್ಲಿ 120 ಫಿಲ್ಮ್ ಪರಿಚಿತವಾದದ್ದು ಇಂತಹ ದುಬಾರಿ ಯಂತ್ರಗಳಿಂದಲ್ಲ. ಇಲ್ಲಿಯೇ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಎಂಬ ಸರಳ ಕ್ಯಾಮೆರಾದಲ್ಲಿ 6×6ರ ಹನ್ನೆರಡು ಚಿತ್ರಗಳು ಬರುತ್ತಿದ್ದವು. ಅದರಲ್ಲಿ ಫೋಕಸ್ ಮಾಡುವ ವ್ಯವಸ್ಥೆಯೇ ಇರಲಿಲ್ಲ. ಕರ್ನಾಟಕದ ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಎಂಬ ಹೆಸರಿನಲ್ಲಿ ಕಪ್ಪು ಬಿಳುಪು ಫಿಲ್ಮ್ ಮಾರುತ್ತಿತ್ತು. ಆ ಕಾರ್ಖಾನೆ ನಿಂತುಹೋದ ಮೇಲೆ ಇಲ್ಲಿ ಸಿಗುವ 120 ಫಿಲ್ಮ್ ಬಹುಪಾಲು ಆಮದಾದದ್ದು, ಆದ್ದರಿಂದ ಬೆಲೆಯೂ ಹೆಚ್ಚು.

ರೀಲು ಹಾಕುವುದು

35 ಮಿ.ಮೀ. ಫಿಲ್ಮಿಗೆ ಲೋಹದ ಡಬ್ಬಿ ಇರುತ್ತದೆ. 120 ಫಿಲ್ಮಿಗೆ ಇರುವುದು ಹಿಂಬದಿಯ ಕಾಗದವೊಂದೇ; ಬೆಳಕಿನಿಂದ ಅದನ್ನು ಕಾಯುವುದು ಸುರುಳಿಯ ಬಿಗಿ. ಹೀಗಾಗಿ ರೀಲನ್ನು ನೆರಳಿನಲ್ಲಿ ಹಾಕಬೇಕು, ಮುದ್ರೆಯ ಪಟ್ಟಿಯನ್ನು ಕಿತ್ತ ಮೇಲೆ ಸುರುಳಿ ಸಡಿಲವಾಗದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು. ಕಾಗದದ ತುದಿಯನ್ನು ಖಾಲಿ ಉರುಳೆಯ ಸೀಳಿಗೆ ನೇರವಾಗಿ ಸಿಕ್ಕಿಸಿ, ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದೊಳಗಿನ ಚುಕ್ಕೆಗೆ ಸೇರುವವರೆಗೆ ಸುತ್ತಿ, ನಂತರ ಹಿಂಬಾಗಿಲು ಮುಚ್ಚಬೇಕು. ಓರೆಯಾಗಿ ಸಿಕ್ಕಿಸಿದರೆ ಸುರುಳಿ ಒಂದು ಕಡೆ ಉಬ್ಬಿಕೊಂಡು ಅಂಚಿನಿಂದ ಬೆಳಕು ನುಗ್ಗುತ್ತದೆ. ನೆಗೆಟಿವಿನ ಅಂಚಿನಲ್ಲಿ ಕಾಣುವ ಕಪ್ಪು ನಾಲಗೆಗಳಿಗೆ ಬಹುತೇಕ ಇದೇ ಕಾರಣ.

ಈ ಫಿಲ್ಮನ್ನು ಹಿಂದಕ್ಕೆ ಸುತ್ತುವ ಪದ್ಧತಿಯಿಲ್ಲ. ಅದು ಒಂದು ಉರುಳೆಯಿಂದ ಇನ್ನೊಂದಕ್ಕೆ ಹೋಗಿ ಅಲ್ಲಿಯೇ ಮುಗಿಯುತ್ತದೆ. ಖಾಲಿಯಾದ ಉರುಳೆ ಮುಂದಿನ ರೀಲಿಗೆ ಬೇಕು. ಹಳೆಯ ಕ್ಯಾಮೆರಾ ಕೊಳ್ಳುವಾಗ ಒಳಗೆ ಒಂದು ಖಾಲಿ ಉರುಳೆ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮೊದಲ ದಿನವೇ ಕೆಲಸ ನಿಲ್ಲುತ್ತದೆ.

ಸರಳ ಕ್ಯಾಮೆರಾಗಳ ಹಿಂಬದಿಯಲ್ಲಿ ಚಿಕ್ಕ ಕೆಂಪು ಕಿಟಕಿಯಿದ್ದು, ಕಾಗದದ ಮೇಲೆ ಅಚ್ಚಾದ ಅಂಕಿ ಅದರಲ್ಲಿ ಕಾಣುವವರೆಗೆ ಸುತ್ತಬೇಕು. ಕೆಂಪು ಬೆಳಕಿಗೆ ಸ್ಪಂದಿಸದ ಫಿಲ್ಮುಗಳ ಕಾಲದಲ್ಲಿ ರೂಪುಗೊಂಡ ಏರ್ಪಾಡು ಇದು. ಇಂದಿನ ಫಿಲ್ಮುಗಳು ಎಲ್ಲ ಬಣ್ಣಗಳಿಗೂ ಸ್ಪಂದಿಸುವುದರಿಂದ ಆ ಕಿಟಕಿಯನ್ನು ಬಿಸಿಲಿಗೆ ಒಡ್ಡದೆ, ಸುತ್ತುವಾಗ ಮಾತ್ರ ತೆರೆದು, ಉಳಿದ ಹೊತ್ತು ಕಪ್ಪು ಪಟ್ಟಿಯಿಂದ ಮುಚ್ಚಿಡುವುದು ಒಳ್ಳೆಯದು.

ಕನ್ನಡಿಯ ನೋಟ

ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಉಜ್ಜುಗಾಜಿನಲ್ಲಿ ದೃಶ್ಯ ನೆಟ್ಟಗೆ ಕಂಡರೂ ಎಡ ಬಲ ಅದಲುಬದಲಾಗಿರುತ್ತದೆ. ಎಡದಿಂದ ಬಲಕ್ಕೆ ಸಾಗುವ ಆಟೋ ಗಾಜಿನಲ್ಲಿ ಬಲದಿಂದ ಎಡಕ್ಕೆ ಬರುತ್ತದೆ. ಅದನ್ನು ಹಿಂಬಾಲಿಸಲು ಹೊರಟ ಕೈ ಮೊದಮೊದಲು ತಪ್ಪು ದಿಕ್ಕಿಗೇ ತಿರುಗುತ್ತದೆ. ರೀಲಿಲ್ಲದ ಕ್ಯಾಮೆರಾ ಹಿಡಿದು ಕೆಲವು ದಿನ ಅಭ್ಯಾಸ ಮಾಡಿದರೆ ಇದು ಕೈಗೆ ಹತ್ತುತ್ತದೆ. ಹಾಗೆ ನೋಡಿದರೆ ಈ ಬಗ್ಗಿ ನೋಡುವ ಭಂಗಿಗೆ ತನ್ನದೇ ಲಾಭವಿದೆ. ಎದುರಿನವರ ಮುಖಕ್ಕೆ ಯಂತ್ರವನ್ನು ಅಡ್ಡ ಹಿಡಿಯದ ಕಾರಣ ಅವರು ಬಿಗಿಯಾಗುವುದು ಕಡಿಮೆ. ಕೂತ ಮಕ್ಕಳ ಚಿತ್ರ ಅವರ ಕಣ್ಣಿನ ಮಟ್ಟದಿಂದಲೇ ಬರುತ್ತದೆ.

ಜೋಡಿ ಮಸೂರದ ಕ್ಯಾಮೆರಾದಲ್ಲಿ ನೋಡುವ ಮಸೂರ ಚಿತ್ರ ತೆಗೆಯುವ ಮಸೂರಕ್ಕಿಂತ ಮೇಲಿರುವುದರಿಂದ ಹತ್ತಿರದ ವಸ್ತುಗಳ ಮೇಲ್ಭಾಗ ಕತ್ತರಿಸಿಹೋಗಬಹುದು. ಒಂದು ಮೀಟರಿನಷ್ಟು ಸಮೀಪದಲ್ಲಿ ತಲೆಯ ಮೇಲೆ ತುಸು ಹೆಚ್ಚು ಜಾಗ ಬಿಡಬೇಕು.

ಫೋಕಸ್ ವಿಷಯದಲ್ಲಿ ಮೊಬೈಲಿನ ಅಭ್ಯಾಸ ಕೈಕೊಡುತ್ತದೆ. 6×6 ಚೌಕಟ್ಟಿಗೆ ಸಾಮಾನ್ಯ ಮಸೂರವೆಂದರೆ 75 ಅಥವಾ 80 ಮಿ.ಮೀ. ಸಂಗಮದೂರದ್ದು. ಎರಡು ಮೀಟರ್ ದೂರದಲ್ಲಿ ನಿಂತವರನ್ನು ಎಫ್/3.5ರಲ್ಲಿ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಇಪ್ಪತ್ತು ಸೆಂ.ಮೀ. ಮಾತ್ರ. ಎಫ್/11ಕ್ಕೆ ಇಳಿಸಿದರೆ ಅದು ಎಪ್ಪತ್ತು ಸೆಂ.ಮೀ. ಆಸುಪಾಸಿಗೆ ಬರುತ್ತದೆ. ಎರಡು ಸಾಲಿನಲ್ಲಿ ನಿಲ್ಲಿಸಿದ ಕುಟುಂಬದ ಗುಂಪುಚಿತ್ರವನ್ನು ಅಪರ್ಚರ್ ಪೂರ್ತಿ ತೆರೆದು ತೆಗೆದರೆ ಒಂದು ಸಾಲು ಖಂಡಿತ ಮಸುಕಾಗುತ್ತದೆ. ಗಾಜಿನ ಮೇಲಿರುವ ಮಡಿಚುವ ಭೂತಗನ್ನಡಿಯನ್ನು ಎತ್ತಿ, ಮುಖವಾದರೆ ಕಣ್ಣಿನ ರೆಪ್ಪೆಯನ್ನು ನೋಡಿ ಫೋಕಸ್ ಮಾಡುವುದು ಕ್ರಮ.

ಬೆಳಕನ್ನು ಅಳೆಯುವುದು

ಹಳೆಯ ಕ್ಯಾಮೆರಾಗಳಲ್ಲಿ ಬೆಳಕುಮಾಪಕ ಇರುವುದಿಲ್ಲ, ಇದ್ದರೂ ನಂಬುವಂತಿರುವುದಿಲ್ಲ. ಆಗ ನೆರವಿಗೆ ಬರುವುದು 'ಸನ್ನಿ 16' ನಿಯಮ: ನಿಚ್ಚಳ ಬಿಸಿಲಿನಲ್ಲಿ ಎಫ್/16 ಇಟ್ಟು, ಷಟರ್ ವೇಗವನ್ನು ಫಿಲ್ಮಿನ ಐಎಸ್‌ಒ ಅಂಕಿಗೆ ಹತ್ತಿರವಿರುವ ಭಿನ್ನಾಂಶಕ್ಕೆ ಹೊಂದಿಸುವುದು. 100 ಐಎಸ್‌ಒ ಫಿಲ್ಮಿಗೆ 1/125 ಸೆಕೆಂಡ್, 400ಕ್ಕೆ 1/500. ಮೋಡ ಕವಿದ ದಿನ ಎಫ್/8, ತೆರೆದ ನೆರಳಿನಲ್ಲಿ ಎಫ್/5.6 ಅಥವಾ ಎಫ್/4. ಮೊಬೈಲಿನ ಬೆಳಕುಮಾಪಕ ಆ್ಯಪ್‌ಗಳೂ ಈಗ ಉಪಯುಕ್ತವಾಗಿವೆ, ಆದರೆ ನಿಯಮ ಬಾಯಿಪಾಠವಿದ್ದವರಿಗೆ ಆ್ಯಪ್ ತಪ್ಪು ಹೇಳಿದಾಗ ತಿಳಿಯುತ್ತದೆ.

ಮಾಪಕವು ತಾನು ನೋಡಿದ್ದೆಲ್ಲ ಮಧ್ಯಮ ಬೂದು ಬಣ್ಣವೆಂದು ಭಾವಿಸುತ್ತದೆ. ಬಿಳಿ ಪಂಚೆಯನ್ನು ಅಳೆದು ಅದೇ ಅಂಕಿಯಲ್ಲಿ ತೆಗೆದರೆ ಪಂಚೆ ಮಾಸಿದಂತೆ ಕಾಣುತ್ತದೆ. ಒಂದೂವರೆ ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಎಣ್ಣೆಗಪ್ಪು ಬಣ್ಣದ ಮುಖವನ್ನು ಅಳೆದರೆ ಇದರ ವಿಲೋಮ. ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸುವುದಿಲ್ಲ. ನೆರಳಿನಲ್ಲಿ ಏನೂ ದಾಖಲಾಗದಿದ್ದರೆ ಮುಂದೆ ಯಾವ ಉಪಾಯದಿಂದಲೂ ಅದನ್ನು ತರಲಾಗದು. ಸಂದೇಹವಿದ್ದಾಗ ಒಂದು ಸ್ಟಾಪ್ ಹೆಚ್ಚು ಕೊಡುವ ರೂಢಿ ಇದರಿಂದಲೇ ಬಂದಿದೆ. ಸ್ಲೈಡ್ ಫಿಲ್ಮಿಗೆ ಈ ಮಾತು ಅನ್ವಯಿಸುವುದಿಲ್ಲ.

ಸುಂಕದಕಟ್ಟೆಯಿಂದ ಒಂದು ಅಭ್ಯಾಸ

ಅಭ್ಯಾಸಕ್ಕೆ ದೂರದ ಊರು ಬೇಕಿಲ್ಲ. ಪಶ್ಚಿಮ ಬೆಂಗಳೂರಿನ ಸುಂಕದಕಟ್ಟೆ ಮಾಗಡಿ ರಸ್ತೆಯ ಮೇಲಿದೆ. ರಸ್ತೆ ನಗರದಿಂದ ಹೆಚ್ಚುಕಡಿಮೆ ಪಶ್ಚಿಮಕ್ಕೆ ಸಾಗುವುದರಿಂದ ಬೆಳಿಗ್ಗೆ ಮಾಗಡಿಯ ದಿಕ್ಕಿಗೆ ಮುಖ ಮಾಡಿದವರಿಗೆ ಸೂರ್ಯ ಬೆನ್ನಿಗಿರುತ್ತಾನೆ, ಸಂಜೆ ಅದೇ ಜಾಗದಲ್ಲಿ ಕಣ್ಣಿಗೆ ಹೊಡೆಯುತ್ತಾನೆ. ಒಂದೇ ಅಂಗಡಿಯ ಮುಂಗಟ್ಟನ್ನು ಎರಡೂ ಹೊತ್ತು ತೆಗೆದು ನೋಡುವುದರಿಂದ ಬೆಳಕಿನ ದಿಕ್ಕು ಏನು ಮಾಡುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಗುತ್ತದೆ. ಒಳಗಿನ ಕಿರಿದಾದ ಅಡ್ಡರಸ್ತೆಗಳಲ್ಲಿ ಮಧ್ಯಾಹ್ನ ಅರ್ಧ ಬೀದಿ ಬಿಸಿಲು, ಅರ್ಧ ನೆರಳು. ಇವೆರಡರ ನಡುವೆ ಮೂರು ನಾಲ್ಕು ಸ್ಟಾಪ್ ಅಂತರವಿದ್ದು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನವನ್ನು ಚಿತ್ರ ತೆಗೆಯುವವರೇ ಮಾಡಬೇಕು. ಸಮೀಪದ ಹೇರೋಹಳ್ಳಿ ಕೆರೆಯಲ್ಲಿ ನೀರು ಮತ್ತು ಆಕಾಶ ಸೇರಿ ಮಾಪಕವನ್ನು ಮೋಸಗೊಳಿಸುತ್ತವೆ. ದಂಡೆಯ ಹುಲ್ಲನ್ನು ಅಳೆದರೆ ಅಂಕಿ ಸರಿಯಾಗಿ ಸಿಗುತ್ತದೆ.

ಇದೇ ರಸ್ತೆ ಹಿಡಿದು ಮುಂದೆ ಹೋದರೆ ಮಾಗಡಿ ತಾಲ್ಲೂಕಿನ ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಈ ಏಕಶಿಲಾ ಬೆಟ್ಟದ ಬೂದು ಬಂಡೆ ಮಧ್ಯಮ ಛಾಯೆಗೆ ಹತ್ತಿರವಿರುವುದರಿಂದ ಬಂಡೆಯನ್ನೇ ಅಳೆದು ತೆಗೆಯಬಹುದು. ಕಪ್ಪು ಬಿಳುಪು ಫಿಲ್ಮಿನಲ್ಲಿ ಹಳದಿ ಸೋಸುಗಾಜು ಹಾಕಿದರೆ ನೀಲಿ ಆಕಾಶ ಒಂದಿಷ್ಟು ಗಾಢವಾಗಿ ಮೋಡಗಳು ಎದ್ದು ಕಾಣುತ್ತವೆ.

ಪ್ರತಿ ಚಿತ್ರಕ್ಕೂ ಸ್ಥಳ, ಹೊತ್ತು, ಅಪರ್ಚರ್, ಷಟರ್ ವೇಗ ಬರೆದಿಡದೆ ತೆಗೆದ ರೀಲಿನಿಂದ ಕಲಿಯುವುದು ಹೆಚ್ಚೇನೂ ಇರುವುದಿಲ್ಲ. ಬೆಂಗಳೂರಿನಲ್ಲಿ ಸ್ಟುಡಿಯೋ ಪರಂಪರೆ ಹಳೆಯದು, ಜಿ. ಕೆ. ವೇಲ್ 1910ರಿಂದ ಇದೆ. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳ ಸಂಸ್ಥೆ. ಬರೆದಿಟ್ಟ ವಿವರಗಳೊಂದಿಗೆ ನೆಗೆಟಿವನ್ನು ಅನುಭವಿಗಳಿಗೆ ತೋರಿಸಿದರೆ ತಪ್ಪು ಬೆಳಕಿನದೋ, ಫೋಕಸಿನದೋ, ತೊಳೆಯುವಿಕೆಯದೋ ಎಂದು ಅವರು ಹೇಳಬಲ್ಲರು.

ರೀಲು ತೊಳೆಯುವುದು

ಬಣ್ಣದ ನೆಗೆಟಿವನ್ನು ಸುಮಾರು 38 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೊಳೆಯಬೇಕಾದ್ದರಿಂದ ಲ್ಯಾಬಿಗೆ ಕೊಡುವುದು ಸಲೀಸು. ಕಪ್ಪು ಬಿಳುಪು ರೀಲನ್ನು ಮನೆಯಲ್ಲಿಯೇ ತೊಳೆಯಬಹುದು. ಪೂರ್ಣ ಕತ್ತಲೆಯಲ್ಲಿ ಫಿಲ್ಮನ್ನು ಕಾಗದದಿಂದ ಬಿಡಿಸಿ ತೊಟ್ಟಿಯ ಸುರುಳಿಚಕ್ರಕ್ಕೆ ಏರಿಸುವುದೇ ಇದರಲ್ಲಿ ಕಷ್ಟದ ಘಟ್ಟ. ಅಗಲವಾದ 120 ಫಿಲ್ಮ್ ಸುಲಭವಾಗಿ ಬಾಗಿ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲಿ ಅರ್ಧಚಂದ್ರದ ಕಲೆ ಉಳಿಯುತ್ತದೆ. ಹಾಳಾದ ಒಂದು ರೀಲನ್ನು ಹಗಲಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಹಲವು ಸಲ ಏರಿಸಿ ಇಳಿಸಿ ರೂಢಿ ಮಾಡಿಕೊಳ್ಳುವುದು ವಾಡಿಕೆ.

ವಿದೇಶಿ ತಯಾರಕರ ಕೋಷ್ಟಕಗಳು 20 ಡಿಗ್ರಿಯನ್ನು ಆಧಾರವಾಗಿ ಹಿಡಿದಿವೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಮೇಲ್ತೊಟ್ಟಿಯ ನೀರು ಅದಕ್ಕಿಂತ ಬಹಳ ಬೆಚ್ಚಗಿರುತ್ತದೆ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮನ್ನು ಡಿ-76 ದ್ರಾವಣದಲ್ಲಿ ನೀರು ಬೆರೆಸದೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ತೊಳೆಯಬೇಕಾದರೆ, 24 ಡಿಗ್ರಿಯಲ್ಲಿ ಸುಮಾರು ಐದು ಕಾಲು ನಿಮಿಷ ಸಾಕು. ಇನ್ನೂ ಬಿಸಿಯಾದರೆ ಅವಧಿ ಐದು ನಿಮಿಷಕ್ಕಿಂತ ಕೆಳಗಿಳಿದು ಫಿಲ್ಮಿನ ಮೇಲೆ ದ್ರಾವಣ ಸಮನಾಗಿ ಹರಡುವುದಿಲ್ಲ. ಪಾತ್ರೆಯನ್ನು ಐಸ್ ತುಂಬಿದ ಬೋಗುಣಿಯಲ್ಲಿಟ್ಟು ತಣಿಸುವುದು ಸುಲಭ ಪರಿಹಾರ. ಕೊಳವೆಬಾವಿಯ ಗಡಸು ನೀರಿನಲ್ಲಿ ಜಾಲಾಡಿ ಒಣಗಿಸಿದ ನೆಗೆಟಿವಿನ ಮೇಲೆ ಸುಣ್ಣದ ಚುಕ್ಕೆಗಳು ಉಳಿಯುವುದರಿಂದ ಕೊನೆಯ ಜಾಲಾಟ ಭಟ್ಟಿ ಇಳಿಸಿದ ನೀರಿನಲ್ಲಿರಬೇಕು. ಬಳಸಿದ ಹೈಪೋ ದ್ರಾವಣದಲ್ಲಿ ಬೆಳ್ಳಿ ಸೇರಿರುತ್ತದೆ. ಅದನ್ನು ಮೋರಿಗೆ ಸುರಿಯಬಾರದು.

ಕ್ಯಾಮೆರಾ ಮತ್ತು ನೆಗೆಟಿವ್ ರಕ್ಷಣೆ

ಹಳೆಯ ಕ್ಯಾಮೆರಾ ಕೊಳ್ಳುವಾಗ ಷಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಗೊಟ್ಟು ಕೇಳಬೇಕು. ಒಳಗಿನ ಜಿಡ್ಡು ಗಟ್ಟಿಯಾಗಿದ್ದರೆ ನಿಧಾನದ ವೇಗಗಳು ಮೊದಲು ತಡವರಿಸುತ್ತವೆ. ಮಸೂರಕ್ಕೆ ಟಾರ್ಚ್ ಹಿಡಿದು ಜೇಡರ ಬಲೆಯಂತಹ ಎಳೆಗಳಿವೆಯೇ ನೋಡಬೇಕು, ಅದು ಬೂಷ್ಟು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಇದು ಬೇಗ ಹಬ್ಬುತ್ತದೆ, ಬೆಂಗಳೂರಿನಲ್ಲಿ ಸ್ವಲ್ಪ ನಿಧಾನ. ಚರ್ಮದ ಚೀಲ ತೇವ ಹಿಡಿದಿಡುವುದರಿಂದ ಕ್ಯಾಮೆರಾವನ್ನು ಅದರಿಂದ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಬೇಕು.

120 ಫಿಲ್ಮನ್ನು ಹಿಡಿಯಲು ಕಲಿತವರಿಗೆ ಮನೆಯ ಹಳೆಯ ಚೌಕ ನೆಗೆಟಿವ್‌ಗಳನ್ನು ಸಂಭಾಳಿಸುವುದೂ ತಿಳಿದಿರುತ್ತದೆ. ಮಿಠಾಯಿ ಡಬ್ಬಿಗಳಲ್ಲಿ, ಮದುವೆ ಆಲ್ಬಮ್ಮಿನ ಹಿಂದಿನ ಲಕೋಟೆಗಳಲ್ಲಿ ಉಳಿದಿರುವ ಇವುಗಳ ಮುದ್ರಿತ ಪ್ರತಿ ಕಳೆದುಹೋಗಿದ್ದರೂ ನೆಗೆಟಿವಿನಿಂದ ಚಿತ್ರವನ್ನು ಮತ್ತೆ ಪಡೆಯಬಹುದು. ಅಂಚನ್ನು ಮಾತ್ರ ಹಿಡಿಯಬೇಕು. ಪ್ಲಾಸ್ಟಿಕ್ ಕವರಿಗಿಂತ ಆಮ್ಲರಹಿತ ಕಾಗದದ ಲಕೋಟೆ ಲೇಸು. ಅಸಿಟೇಟ್ ಫಿಲ್ಮ್ ಕೆಡತೊಡಗಿದಾಗ ವಿನೆಗರಿನಂತಹ ಹುಳಿ ವಾಸನೆ ಬರುತ್ತದೆ, ಆ ಆವಿ ಪಕ್ಕದ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಅಂತಹವನ್ನು ಬೇರೆ ಡಬ್ಬಿಗೆ ಹಾಕಿ, ಎಲ್ಲಕ್ಕಿಂತ ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಬೇಕು.