ಅತಿಶೈತ್ಯದಲ್ಲಿ ಪ್ರೊಸೆಸರಿನ ವೇಗವರ್ಧನೆ

ಗಣಕಯಂತ್ರದ ಪ್ರೊಸೆಸರ್ ಗಡಿಯಾರದಂತಹ ಒಂದು ಮಿಡಿತಕ್ಕೆ ಅಧೀನವಾಗಿ ನಡೆಯುತ್ತದೆಂಬುದು ವಾಚಕರಿಗೆ ತಿಳಿದ ವಿಷಯವೇ. ಒಂದು ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ನಡುವೆ ಅದರೊಳಗಿನ ಸಂಕೇತಗಳೆಲ್ಲವೂ ತಮ್ಮ ತಮ್ಮ ಸ್ಥಾನವನ್ನು ಸೇರಿ ನೆಲೆಗೊಳ್ಳಬೇಕು. ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ತಯಾರಕರು ಗೊತ್ತುಪಡಿಸಿದ ದರವನ್ನು ಮೀರಿ ಈ ಮಿಡಿತವನ್ನು ತ್ವರಿತಗೊಳಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ದ್ರವ ಸಾರಜನಕದ ನೆರವಿನಿಂದ ಇದನ್ನು ಸಾಧಿಸುವ ಹವ್ಯಾಸವು ಈ ಶತಮಾನದ ಆರಂಭದಿಂದ ಅನೇಕ ದೇಶಗಳಲ್ಲಿ ಬೆಳೆದುಬಂದಿದೆ. ತಣ್ಣಗಾದಷ್ಟೂ ಯಂತ್ರ ಚುರುಕಾಗುತ್ತದೆಂಬ ನಂಬಿಕೆ ಜನರಲ್ಲಿ ಉಂಟು. ಇದು ಅರ್ಧ ಮಾತ್ರ ನಿಜ.

ಸಿಲಿಕನ್ ಸ್ಫಟಿಕದ ಪರಮಾಣುಗಳು ಸದಾ ಕಂಪಿಸುತ್ತಿದ್ದು, ಚಲಿಸುವ ಎಲೆಕ್ಟ್ರಾನುಗಳಿಗೆ ಅಡಚಣೆಯನ್ನುಂಟುಮಾಡುತ್ತವೆ. ಉಷ್ಣತೆ ಇಳಿದಂತೆ ಕಂಪನ ತಗ್ಗಿ ಎಲೆಕ್ಟ್ರಾನುಗಳ ಓಟ ಸುಗಮವಾಗುತ್ತದೆ. ಸಾರಜನಕದ ಕುದಿಬಿಂದುವಾದ −೧೯೬ ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ತಾಮ್ರದ ರೋಧವು ಕೊಠಡಿಯ ಉಷ್ಣತೆಯಲ್ಲಿರುವುದರ ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಪ್ರೊಸೆಸರಿನೊಳಗಿನ ಅತಿಸೂಕ್ಷ್ಮ ತಂತಿಗಳಲ್ಲಿ ಎಲೆಕ್ಟ್ರಾನುಗಳು ಅಂಚಿಗೆ ತಾಗಿ ಚೆದುರುವುದರಿಂದ ಅಷ್ಟು ಲಾಭ ದೊರೆಯದು. ಮೇಲಾಗಿ, ಟ್ರಾನ್ಸಿಸ್ಟರು ತೆರೆದುಕೊಳ್ಳಲು ಬೇಕಾದ ಕನಿಷ್ಠ ವೋಲ್ಟೇಜು ಶೈತ್ಯದಲ್ಲಿ ತುಸು ಏರುತ್ತದೆ.

ಶೈತ್ಯದಿಂದ ಆಗುವ ದೊಡ್ಡ ಉಪಕಾರ ಬೇರೊಂದುಂಟು. ಟ್ರಾನ್ಸಿಸ್ಟರಿಗೆ ಹೆಚ್ಚಿನ ವೋಲ್ಟೇಜನ್ನು ಒದಗಿಸಿದರೆ ಸಂಕೇತವನ್ನು ಅದು ಬೇಗ ಮುಂದಕ್ಕೆ ದಾಟಿಸುತ್ತದೆ. ವೇಗವರ್ಧನೆಗೆ ಇದೇ ಪ್ರಧಾನ ಉಪಾಯ. ಆದರೆ ಹುಟ್ಟುವ ಶಾಖವು ಮಿಡಿತದ ದರಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದರಿಂದ, ಎರಡನ್ನೂ ಒಂದೂವರೆ ಪಟ್ಟು ಏರಿಸಿದರೆ ಶಾಖ ೩.೪ ಪಟ್ಟಾಗುತ್ತದೆ. ಇದಲ್ಲದೆ ಮುಚ್ಚಿರುವ ಟ್ರಾನ್ಸಿಸ್ಟರುಗಳ ಮೂಲಕ ಸೋರುವ ಪ್ರವಾಹವೊಂದಿದೆ. ಬಿಸಿಯಾದಷ್ಟೂ ಅದು ಹೆಚ್ಚುತ್ತದೆ, ಹೆಚ್ಚಿದಷ್ಟೂ ಬಿಸಿಮಾಡುತ್ತದೆ. ಅತಿಶೈತ್ಯದಲ್ಲಿ ಈ ಸೋರಿಕೆ ಬಹುಮಟ್ಟಿಗೆ ಅಡಗುತ್ತದೆ. ಸಾಮಾನ್ಯ ಪರಿಸ್ಥಿತಿಯಲ್ಲಿ ಪ್ರೊಸೆಸರನ್ನು ಸುಟ್ಟುಬಿಡಬಹುದಾದ ವೋಲ್ಟೇಜನ್ನು ಅದು ಕೆಲಕಾಲವಾದರೂ ಸಹಿಸುವಂತೆ ಮಾಡುವುದೇ ದ್ರವ ಸಾರಜನಕದ ಮುಖ್ಯ ಕಾರ್ಯವೆಂದು ತಿಳಿಯಬೇಕು.

ಒಂದು ಲೀಟರ್ ದ್ರವ ಸಾರಜನಕವು ಆವಿಯಾಗುವಾಗ ಸುಮಾರು ೧೬೦ ಕಿಲೋಜೂಲ್ ಶಾಖವನ್ನು ಹೀರುತ್ತದೆ. ಈ ಲೆಕ್ಕದಂತೆ, ೪೦೦ ವಾಟ್ ವ್ಯಯಿಸುವ ಪ್ರೊಸೆಸರಿಗೆ ಗಂಟೆಗೆ ೯ ಲೀಟರ್ ಬೇಕು. ಪಾತ್ರೆಯನ್ನು ಮೊದಲು ತಣಿಸಲು ತಗಲುವುದು ಬೇರೆ. ನಮ್ಮ ಪಶುವೈದ್ಯಶಾಲೆಗಳಲ್ಲಿ ಹೋರಿಗಳ ವೀರ್ಯವನ್ನು ಕಾಪಾಡಲು ಇದೇ ದ್ರವವನ್ನು ಎಷ್ಟು ಜೋಪಾನವಾಗಿ ಬಳಸುತ್ತಾರೆಂಬುದನ್ನು ಬಲ್ಲವರಿಗೆ ಇದು ದುಂದೆನಿಸೀತು.

ಪ್ರಯೋಗದ ಸಲಕರಣೆ ಸರಳವಾದುದು. ದಪ್ಪ ತಳದ ತಾಮ್ರದ ಪಾತ್ರೆಯೊಂದನ್ನು ಪ್ರೊಸೆಸರಿನ ಮೇಲೆ ಬಿಗಿದು ಅದರೊಳಕ್ಕೆ ದ್ರವವನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತಾರೆ. ಕಾದ ಕಾವಲಿಯ ಮೇಲೆ ನೀರಿನ ಹನಿ ಆವಿಯ ಪದರದ ಮೇಲೆ ಉರುಳಾಡುವಂತೆ, ಮೊದಮೊದಲು ಸಾರಜನಕವೂ ತಾಮ್ರವನ್ನು ಸರಿಯಾಗಿ ಮುಟ್ಟದೆ ಕುಣಿಯುತ್ತದೆ. ತಳದಲ್ಲಿ ಕುಳಿಗಳನ್ನು ಕೊರೆದು ಮೇಲ್ಮೈಯನ್ನು ಹೆಚ್ಚಿಸಿರುವುದು ಶಾಖ ಬೇಗ ದಾಟಲೆಂದು. ಸುತ್ತಲಿನ ಗಾಳಿಯ ತೇವವು ಹಿಮವಾಗಿ ಕೂಡಿ, ಕರಗಿ, ಮದರ್‌ಬೋರ್ಡಿನಲ್ಲಿ ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ವ್ಯಾಸಲೀನನ್ನೋ ತೇವ ಹೀರದ ರಬ್ಬರು ಹೊದಿಕೆಯನ್ನೋ ಬಳಸುತ್ತಾರೆ. ಕೆಲವು ಪ್ರೊಸೆಸರುಗಳು ಒಂದು ಮಿತಿಗಿಂತ ಹೆಚ್ಚು ತಣ್ಣಗಾದರೆ ಏಕಾಏಕಿ ನಿಂತುಬಿಡುತ್ತವೆ. ಆಗ ಗ್ಯಾಸ್ ದೀವಟಿಗೆಯ ಜ್ವಾಲೆಯಿಂದ ಪಾತ್ರೆಯನ್ನು ಬಿಸಿಮಾಡಬೇಕಾಗುತ್ತದೆ. ಯಂತ್ರವನ್ನು ಹೆಪ್ಪುಗಟ್ಟಿಸಲು ಹೊರಟವರು ಕೈಯಲ್ಲಿ ಬೆಂಕಿಯನ್ನೂ ಹಿಡಿದಿರಬೇಕಾದುದು ಈ ಕಲೆಯ ವಿನೋದ.

ಇನ್ನೂ ಕೆಳಕ್ಕೆ ಹೋಗಬೇಕೆನ್ನುವವರಿಗೆ −೨೬೯ ಡಿಗ್ರಿಯಲ್ಲಿ ಕುದಿಯುವ ದ್ರವ ಹೀಲಿಯಂ ಇದೆ. ಆದರೆ ಲೀಟರ್ ಹೀಲಿಯಂ ಆವಿಯಾಗುವಾಗ ಹೀರುವ ಶಾಖ ೨.೬ ಕಿಲೋಜೂಲ್ ಮಾತ್ರ, ಸಾರಜನಕದ ಅರವತ್ತನೆಯ ಒಂದು ಪಾಲು. ಅದರ ತಣ್ಣನೆಯ ಆವಿಯಿಂದಲೂ ಕೆಲಸ ತೆಗೆಯಬಹುದಾದರೂ, ದುಬಾರಿಯಾದ ಈ ದ್ರವ ಕೆಲವು ನಿಮಿಷಗಳ ದಾಖಲೆಗೇ ಮೀಸಲು. ೨೦೧೧ರ ಆಗಸ್ಟ್ ೩೧ರಂದು ಅಮೆರಿಕದ ಆಸ್ಟಿನ್ ನಗರದಲ್ಲಿ ಎಎಂಡಿ ಸಂಸ್ಥೆಯ ಎಫ್‌ಎಕ್ಸ್-೮೧೫೦ ಪ್ರೊಸೆಸರು ಹೀಲಿಯಂನ ನೆರವಿನಿಂದ ೮.೪೨೯ ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೮೪೦ ಕೋಟಿಗೂ ಮಿಕ್ಕ ಮಿಡಿತಗಳನ್ನು, ಮುಟ್ಟಿತು. ಅದರ ನಿಗದಿತ ಗರಿಷ್ಠ ದರ ೪.೨ ಗಿಗಾಹರ್ಟ್ಸ್. ೨೦೨೪ರಲ್ಲಿ ಇಂಟೆಲ್ ಸಂಸ್ಥೆಯ ಕೋರ್ ಐ೯-೧೪೯೦೦ಕೆಎಸ್, ಹೀಲಿಯಂನಲ್ಲಿಯೇ, ೯.೧ನ್ನು ದಾಟಿತು, ಇದರ ನಿಗದಿತ ಗರಿಷ್ಠ ೬.೨. ಈ ಎರಡರ ನಡುವೆ ಶೈತ್ಯದಿಂದ ಪಡೆದ ದರ ಶೇಕಡ ೮ರಷ್ಟು ಏರಿದರೆ, ಸಾಮಾನ್ಯ ಗ್ರಾಹಕನಿಗೆ ದೊರೆಯುವ ದರ ಶೇಕಡ ೪೮ರಷ್ಟು ಏರಿದೆ. ಹಿಂದೆ ಇಮ್ಮಡಿಯಾಗಿದ್ದ ಲಾಭ ಒಂದೂವರೆ ಪಟ್ಟಿಗೆ ಇಳಿದಿದೆ. ಮುನ್ನೆಚ್ಚರಿಕೆಗಾಗಿ ಬಿಡುತ್ತಿದ್ದ ಅಂತರವನ್ನು ತಯಾರಕರು ತಾವೇ ಬಳಸಿಕೊಳ್ಳತೊಡಗಿದ್ದಾರೆಂಬುದೇ ಇದರ ತಾತ್ಪರ್ಯ. ದಾಖಲೆಯ ಸಂಖ್ಯೆಗಿಂತ ಈ ಕುಗ್ಗುತ್ತಿರುವ ಅಂತರವೇ ಅಭ್ಯಾಸಯೋಗ್ಯವೆಂದು ನಮ್ಮ ಅಭಿಪ್ರಾಯ.

ಶೈತ್ಯವನ್ನು ನಿತ್ಯದ ದುಡಿಮೆಗೆ ಹೂಡಿದ ನಿದರ್ಶನವೂ ಒಂದಿದೆ. ಅಮೆರಿಕದ ಇಟಿಎ ಸಿಸ್ಟಮ್ಸ್ ಸಂಸ್ಥೆಯು ೧೯೮೭ರಲ್ಲಿ ಹೊರತಂದ ಇಟಿಎ-೧೦ ಮಹಾಗಣಕದ ಮೇಲ್ತರಗತಿಯ ಮಾದರಿಗಳಲ್ಲಿ ಪ್ರೊಸೆಸರುಗಳನ್ನು ದ್ರವ ಸಾರಜನಕದಲ್ಲಿಯೇ ಮುಳುಗಿಸಿಡಲಾಗಿತ್ತು. ಅವುಗಳ ವೇಗ ಇದರಿಂದ ಸುಮಾರು ಇಮ್ಮಡಿಯಾಯಿತು. ದಾಖಲೆಗಾಗಿ ನಡೆಯುವ ಪ್ರಯೋಗದಂತೆ ಕೆಲವು ಕ್ಷಣಗಳಿಗಲ್ಲ, ಗಣಿತ ಮುಗಿಯುವತನಕ ಅದು ನಡೆಯಬೇಕಾಗಿತ್ತು. ಸಂಸ್ಥೆ ೧೯೮೯ರಲ್ಲಿ ಮುಚ್ಚಿತು.

ಇಂತಹ ಪ್ರಯೋಗಕ್ಕೆ ಕೈಹಾಕುವ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮೊದಲೇ ಮಾಡಿಕೊಳ್ಳತಕ್ಕದ್ದು. ಒಂದು ಲೀಟರ್ ದ್ರವ ಸಾರಜನಕವು ಸುಮಾರು ೭೦೦ ಲೀಟರ್ ಅನಿಲವಾಗುತ್ತದೆ. ೩೬ ಘನಮೀಟರಿನ ಮುಚ್ಚಿದ ಕೊಠಡಿಯಲ್ಲಿ ೧೦ ಲೀಟರ್ ಆವಿಯಾದರೆ ಗಾಳಿಯ ಆಮ್ಲಜನಕ ಶೇಕಡ ೨೧ರಿಂದ ೧೭ರ ಆಸುಪಾಸಿಗೆ ಇಳಿದೀತು, ೧೯.೫ಕ್ಕಿಂತ ಕಡಿಮೆಯಾದರೇ ಅಪಾಯವೆಂದು ಎಣಿಸುತ್ತಾರೆ. ಉಸಿರುಕಟ್ಟಿದ ಅನುಭವವನ್ನು ತರುವುದು ದೇಹದಲ್ಲಿ ಕೂಡುವ ಇಂಗಾಲದ ಡೈಆಕ್ಸೈಡಾದ್ದರಿಂದ, ಆಮ್ಲಜನಕದ ಕೊರತೆ ಯಾವ ಸೂಚನೆಯನ್ನೂ ಕೊಡದೆ ಮನುಷ್ಯನನ್ನು ಮೂರ್ಛೆಗೊಳಿಸಬಲ್ಲದು. ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಆಮ್ಲಜನಕಮಾಪಕವನ್ನು ಎದುರಿಗೆ ಇರಿಸಿಕೊಂಡು, ಇಬ್ಬರಿಗೆ ಕಡಿಮೆಯಿಲ್ಲದೆ ಈ ಕೆಲಸವನ್ನು ಮಾಡತಕ್ಕದ್ದು; ದ್ರವವಿರುವ ಪಾತ್ರೆಯ ಬಾಯನ್ನು ಬಿಗಿಯಾಗಿ ಮುಚ್ಚಕೂಡದು.